ಕೊಟ್ಟೂರಪ್ಪನ ಸೀಟಿ

ಮೂರನೆಯ ಗುಂಡಿಯಲ್ಲೂ ಜೋಗಪ್ಪನ ಗುದ್ದಲಿ ಟಕ್ಕೆಂದಿತು. ಬಗ್ಗಿ ಮಣ್ಣು ಕೆದಕಿದ. ಮತ್ತದೇ ಕಪ್ಪು ಕೆಂಪು ಮಡಿಕೆಯ ಬಾಯಿ!

“ಹಾಳಾಗ್ಲಿ, ಇಲ್ಲೂ ಐತೆ ಕಣ್ರಪ್ಪಾ!”

ಬ್ರಹ್ಮಗಿರಿಯ ಬುಡದಲ್ಲಿ ಇದೇ ಗೋಳು. ಯಾವ ಕಾಲದಲ್ಲೋ ಇಲ್ಲಿ ಪಟ್ಟಣ ಕಟ್ಟಿ ಬಾಳಿದವರು ತಮ್ಮ ಸತ್ತವರನ್ನು ಮಡಿಕೆ ಕುಡಿಕೆ ಸಮೇತ ಹೂತಿಟ್ಟಿದ್ದರು. ಸರ್ಕಾರಿ ಬೇಲಿಯೊಳಗಿನ ಆ ಕಲ್ಲುಗೋರಿಗಳನ್ನು ಮೂವತ್ತು ವರ್ಷ ಕಾವಲುಗಾರನಾಗಿ ಕಾದ ಕೊಟ್ಟೂರಪ್ಪನಿಗೆ ಈಗ ಸತ್ತ ಮೇಲೆ ಬೇಲಿಯಾಚೆ ಸ್ವಂತ ಹೊಲದಲ್ಲೇ ಜಾಗವಿಲ್ಲ. ಆತ ಮಾತ್ರ ಹಣೆತುಂಬ ವಿಭೂತಿ ಬಳಿಸಿಕೊಂಡು, ಕೊರಳಲ್ಲಿ ಸೀಟಿ ಹಾಕಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಹೊತ್ತು ಮುಳುಗುವುದರೊಳಗೆ ಮಣ್ಣಾಗಲೇಬೇಕೆಂದು ಹೆಂಡತಿ ತಿಪ್ಪೇರುದ್ರಮ್ಮನ ಹಟ.

“ಒಡೆದು ಹಾಕ್ಲೇ ಜೋಗ, ಹೊತ್ತಾತು,” ಎಂದ ಪಕ್ಕದ ಹೊಲದ ಬೊಮ್ಮಣ್ಣ.

ಜೋಗಪ್ಪ ಗುದ್ದಲಿ ಎತ್ತಿದ. ಕಣ್ಣು ಕುರ್ಚಿಯ ಕಡೆ ಹೋಯಿತು. ಕೈ ಮೇಲೇ ನಿಂತಿತು.

*

ತೊಂಬತ್ನಾಲ್ಕರಲ್ಲಿ ಜೋಗಪ್ಪ ತನ್ನ ಹೊಲದಲ್ಲಿ ಬಾವಿ ತೋಡುವಾಗಲೂ ಇಂಥದೇ ಮಡಿಕೆ ಸಿಕ್ಕಿತ್ತು. ಕೊಟ್ಟೂರಪ್ಪ ಸೀಟಿ ಊದುತ್ತ ಓಡಿಬಂದವನೇ ಗುಂಡಿಗಿಳಿದು ಕೂತುಬಿಟ್ಟಿದ್ದ.

“ಏಳಣ್ಣೋ, ನಂಗೆ ನೀರು ಬೇಕು!”

“ಒಳಗೊಬ್ರು ಮಲಗವ್ರೆ. ನಿಮ್ಮಪ್ಪನ ಗೋರಿ ಮ್ಯಾಲೆ ಬಾವಿ ತೋಡ್ತೀಯೇನ್ಲೇ?”

ಬಾವಿ ಅಲ್ಲಿಗೇ ನಿಂತಿತು, ಮಾತೂ ನಿಂತಿತು. ಅಂದಿನಿಂದ ಈ ಹತ್ತು ವರ್ಷ ಎದುರಾದಾಗಲೆಲ್ಲ ಜೋಗಪ್ಪ ಮುಖ ತಿರುವಿದ. ಇವತ್ತು ಸುದ್ದಿ ಕೇಳಿದ್ದೇ ತಡ, ಯಾರೂ ಕರೆಯದೆ ಗುದ್ದಲಿ ಹೊತ್ತು ಬಂದಿದ್ದ. ಮಾತಾಡಿಸದೇ ಕಳಿಸಿಕೊಟ್ಟೆನಲ್ಲ ಎಂದುಕೊಳ್ಳುತ್ತಲೇ ಅಗೆಯುತ್ತಿದ್ದ.

*

“ನಾನು ಒಡೆಯಲ್ಲ,” ಎಂದು ಜೋಗಪ್ಪ ಗುದ್ದಲಿ ಬಿಸಾಕಿದ. “ಏನ್ಮಾಡ್ಲಿ, ನೀನೇ ಹೇಳಕ್ಕಾ.”

ತಿಪ್ಪೇರುದ್ರಮ್ಮ ಗುಂಡಿಗೆ ಇಣುಕಿದಳು. ಬೆಟ್ಟಕ್ಕೆ ತಾಗಿದ ಸೂರ್ಯನನ್ನೂ ನೋಡಿದಳು. “ಮಡಿಕೆ ಮುಟ್ಟಬ್ಯಾಡ, ಈ ಕಡೆ ಅಗಲ ಮಾಡು. ನಿಮ್ಮಣ್ಣನ್ನ ಅದರ ಎದುರಿಗೇ ಕೂರ್ಸು. ಮನೇಲಂತೂ ಒಂದಿನ ಕೂರಲಿಲ್ಲ, ಇಲ್ಲಾದ್ರೂ ಕೂತು ಕಾಯ್ಲಿ.”

ಜೋಗಪ್ಪ ಮಡಿಕೆಯ ಸುತ್ತ ಬೆರಳಲ್ಲೇ ಮಣ್ಣು ಬಿಡಿಸಿದ. ತಿಪ್ಪೇರುದ್ರಮ್ಮ ಗಂಡನ ಕೊರಳಿನ ಸೀಟಿ ತೆಗೆದು ಜೋಗಪ್ಪನ ಕೈಗಿಟ್ಟಳು. ಕೊಟ್ಟೂರಪ್ಪನನ್ನು ಮೆಲ್ಲಗೆ ಇಳಿಸಿ, ಮೊಣಕಾಲು ಮಡಿಕೆಗೆ ತಾಗುವಂತೆ ಕೂರಿಸಿದರು. ಕೆಂಪು ಬಿಸಿಲು ಇನ್ನೂ ಉಳಿದಿತ್ತು. ಎಲ್ಲರೂ ಮಣ್ಣು ಎಳೆಯತೊಡಗಿದರು.

ಬೊಮ್ಮಣ್ಣನ ಸಲಿಕೆಯಿಂದ ದೊಡ್ಡದೊಂದು ಹೆಂಟೆ ಮಡಿಕೆಯತ್ತ ಉರುಳಿತು. ಗಾಬರಿಯಾದ ಜೋಗಪ್ಪ ಸೀಟಿ ಬಾಯಿಗಿಟ್ಟು ಜೋರಾಗಿ ಊದಿದ.

ನೆರೆದವರೆಲ್ಲ ಎತ್ತಿದ ಸಲಿಕೆಗಳನ್ನು ಹಾಗೇ ಹಿಡಿದು, ಖಾಲಿ ಕುರ್ಚಿಯ ಕಡೆ ತಿರುಗಿ ನೋಡಿದರು.