ಮಲಗಿದಾಗಿನ ಖರ್ಚು

ಉಸಿರು ಅಳೆಯುವ ಯಂತ್ರದ ತಿಳಿ ಪ್ಲಾಸ್ಟಿಕ್ಕಿನ ಮುಸುಕನ್ನು ತಲೆಯ ಮೇಲೆ ಇಳಿಸುವ ಮೊದಲು ಆಸ್ಪತ್ರೆಯ ಆಹಾರ ತಜ್ಞೆ ಅಮೀರಾ ಇನ್ನೊಮ್ಮೆ ಹೇಳಿದಳು: ಇಪ್ಪತ್ತು ನಿಮಿಷ ಮಾತಾಡಬಾರದು, ಅಲುಗಾಡಬಾರದು, ನಿದ್ದೆಯನ್ನೂ ಮಾಡಬಾರದು. ಗದಿಗೆವ್ವ ತಲೆಯಾಡಿಸಿದಳು. ಮೂರರಲ್ಲಿ ಕೊನೆಯದೇ ಕಷ್ಟ ಅನ್ನಿಸಿತು. ಹಗಲು ಹೊತ್ತಿನಲ್ಲಿ ಹೀಗೆ ಕಾಲು ಚಾಚಿ ಮಲಗಿ ಎಷ್ಟು ವರ್ಷವಾಗಿತ್ತೋ.

ಹುಲಕೋಟಿಯ ಶಾಲೆಯೊಂದರಲ್ಲಿ ಅವಳು ಬಿಸಿಯೂಟ ಬೇಯಿಸುತ್ತಿದ್ದಳು. ಎರಡೂ ಮೊಣಕಾಲು ಸವೆದಿದ್ದವು. ತೂಕ ಇಳಿಯದೆ ಆಪರೇಶನ್ ಇಲ್ಲವೆಂದು ಗದಗಿನ ಡಾಕ್ಟರು ಹೇಳಿ ವರ್ಷವಾಗಿತ್ತು. ಅಂದಿನಿಂದ ಬೆಳಿಗ್ಗೆ ಒಂದು ರೊಟ್ಟಿ, ರಾತ್ರಿ ಅರ್ಧ, ನಡುವೆ ಬರೀ ಚಹಾ. ಮೊದಲು ಏಳು ಕಿಲೋ ಇಳಿಯಿತು, ಆಮೇಲೆ ತೂಕದ ಮುಳ್ಳು ಅಲುಗಲೇ ಇಲ್ಲ. ಪ್ರತಿ ಸಲವೂ ಡಾಕ್ಟರು ಬಾಯಿ ಕಟ್ಟಬೇಕು ಎನ್ನುವರು. ಜೊತೆಗೆ ಬಂದ ಗಂಡ ಮೈಲಾರಲಿಂಗಪ್ಪ, ದಿನವೆಲ್ಲ ಒಲೆಯ ಮುಂದೆಯೇ ಇರುವವಳು, ಏನು ಮಾಡುವುದು ಎಂದು ನಗುವನು. ಮೊದಮೊದಲು ಅವಳು ಏನೂ ತಿನ್ನುವುದಿಲ್ಲವೆಂದು ಆಣೆ ಮಾಡಿ ಹೇಳುತ್ತಿದ್ದಳು. ಬರಬರುತ್ತಾ ಅದೂ ಸಾಕಾಯಿತು.

ಮುಸುಕಿನೊಳಗೆ ಅವಳ ಉಸಿರೇ ಅವಳಿಗೆ ಕೇಳುತ್ತಿತ್ತು. ಇಷ್ಟು ಹೊತ್ತಿಗೆ ಶಾಲೆಯಲ್ಲಿ ಅವಳ ಜೊತೆ ಅಡುಗೆ ಮಾಡುವ ಹನಮಂತವ್ವ ಒಬ್ಬಳೇ ಅನ್ನದ ಡಬರಿ ಇಳಿಸುತ್ತಿರಬೇಕು.

ಯಂತ್ರ ನಿಂತ ಮೇಲೆ ಅಮೀರಾ ಮೈಲಾರಲಿಂಗಪ್ಪನನ್ನೂ ಒಳಗೆ ಕರೆದಳು. ಒಳಗೆಳೆದ ಆಮ್ಲಜನಕ ಎಷ್ಟು, ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಎಷ್ಟು ಎಂದು ಅಳೆದರೆ, ಸುಮ್ಮನೆ ಮಲಗಿದಾಗ ಮೈ ಎಷ್ಟು ಕ್ಯಾಲೊರಿ ಖರ್ಚು ಮಾಡುತ್ತದೆಂದು ತಿಳಿಯುತ್ತದೆ ಎಂದಳು. ಗದಿಗೆವ್ವನ ವಯಸ್ಸು, ಎತ್ತರ, ತೂಕಕ್ಕೆ ದಿನಕ್ಕೆ ಸಾವಿರದ ನಾನೂರರಷ್ಟು ಬರಬೇಕಿತ್ತು. ಬಂದದ್ದು ಸಾವಿರದ ನೂರು.

"ನೀವು ಏನ ತಿಂದ್ರಿ ಅನ್ನೂದು ಈ ಮಷಿನ್‌ಗೆ ಗೊತ್ತಾಗಂಗಿಲ್ರಿ ಅಕ್ಕಾರ," ಎಂದಳು. "ಆದ್ರ ಭಾಳ ದಿನ ಹೊಟ್ಟಿಗೆ ಕಮ್ಮಿ ಬಿದ್ರ ಮೈ ತನ್ನ ಖರ್ಚು ಹಿಂಗ ಇಳಸ್ತೈತಿ. ನೀವು ಹೇಳಿದ್ದು ಖರೆ ಅಂತ ನನಗ ಅನಸ್ತೈತಿ."

ಬೇಳೆ, ಕಾಳು, ಮೊಸರು ಹೆಚ್ಚಿಸಬೇಕು, ಕುಳಿತಲ್ಲೇ ಕೈಕಾಲಿಗೆ ವ್ಯಾಯಾಮ ಕೊಡಬೇಕು, ಚೆನ್ನಾಗಿ ಮಲಗಬೇಕು, ಮೂರು ತಿಂಗಳ ಮೇಲೆ ಮತ್ತೆ ಅಳೆಯೋಣ ಎಂದಳು. ಆಪರೇಶನ್ ಇನ್ನೂ ಮುಂದೆ ಹೋಯಿತು ಎಂಬುದು ಗದಿಗೆವ್ವನಿಗೆ ಅರ್ಥವಾಯಿತು. ಗೆದ್ದ ಹಿಗ್ಗು ಮಾತ್ರ ಬರಲಿಲ್ಲ.

ಬಸ್ ನಿಲ್ದಾಣದ ಹೋಟೆಲಿನಲ್ಲಿ ಮೈಲಾರಲಿಂಗಪ್ಪ ಅವಳನ್ನು ಕೇಳದೆಯೇ ಇಡ್ಲಿ ಹೇಳಿದ. ಅಮೀರಾ ಕೊಟ್ಟ ಕಾಗದವನ್ನು ಮಡಚುತ್ತ, ಬಿಚ್ಚುತ್ತ ಕುಳಿತವನು ತಲೆಯೆತ್ತದೆ ಹೇಳಿದ:

"ಹನಮಂತವ್ವನ್ನ ಕೇಳಿದ್ದೆ. ಸಾಲ್ಯಾಗ ನೀ ಏನರ ತಿಂತಿ ಏನು ಅಂತ."

"ಆಕಿ ಏನಂದ್ಲು?"

"ಒಂದ ತುತ್ತೂ ಮುಟ್ಟಂಗಿಲ್ಲ ಅಂದ್ಲು."

"ಯಾವಾಗ ಕೇಳಿದ್ರಿ?"

"ಉಗಾದಿ ಮುಂದ."

ಈಗ ದಸರೆ ಹತ್ತಿರ ಬಂದಿತ್ತು. ಗದಿಗೆವ್ವ ಅವನ ಕೈಯ ಕಾಗದವನ್ನೇ ನೋಡಿದಳು.

"ಆಕಿ ಮಾತೂ ನಂಬಲಿಲ್ಲ ನೀವು," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಹುಲಕೋಟಿಯ ಬಸ್ಸು ಬಂದು ನಿಂತಿತು. ಅವನು ಚೀಲ ಎತ್ತಿಕೊಂಡು ಎದ್ದ. ಗದಿಗೆವ್ವ ಏಳಲಿಲ್ಲ. ಆ ಬಸ್ಸು ಹೋಗಲಿ ಎಂದಳು. ಅವನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಕುಳಿತ. ಬಸ್ಸು ತಿರುಗಿ ರಸ್ತೆಗಿಳಿಯಿತು. ಅವಳು ಇಡ್ಲಿ ಮುರಿದು, ಸಾಂಬಾರಿನಲ್ಲಿ ಅದ್ದಿ, ಅವನ ಎದುರಿಗೇ, ಒಂದೊಂದೇ ತುತ್ತು, ಅವಸರವಿಲ್ಲದೆ ತಿನ್ನತೊಡಗಿದಳು.