ಬಳೆಚೂರಿನ ಮೆಟ್ಟಿಲು

ಗಬ್ಬೂರಿನ ಬಸ್ಸಿಳಿದು ರಾಯಚೂರಿನ ತಮ್ಮನ ಮನೆ ಮುಟ್ಟಿದಾಗ, ಬಾಗಿಲ ಮುಂದಿನ ಹೊಸ ಸಿಮೆಂಟಿನ ಮೆಟ್ಟಿಲು ಕಂಡು ನನ್ನ ಮೈ ಉರಿಯಿತು. ಚಿಕ್ಕಂದಿನಿಂದ ತಗಡಿನ ಡಬ್ಬಿಯಲ್ಲಿ ಕೂಡಿಟ್ಟು, ಅವರ ಅಟ್ಟದಲ್ಲಿ ಬಿಟ್ಟಿದ್ದ ನನ್ನ ಹಸಿರು ಬಳೆಚೂರುಗಳನ್ನು ತಮ್ಮನ ಹೆಂಡತಿ ಉಮಾದೇವಿ ಆ ಮೆಟ್ಟಿಲಿನಲ್ಲಿ ಹೂವಿನ ಹಾಗೆ ಕೂರಿಸಿದ್ದಳು. ಅದರ ಮೇಲೆಯೇ ನಿಂತು ನಗುತ್ತಿದ್ದಳು.

“ಯಾರನ್ನ ಕೇಳಿ ನನ್ನ ಡಬ್ಬಿ ತಗದಿ?”

“ಸುಮ್ನ ಧೂಳು ತಿನ್ನಾಕತ್ತಿತ್ತಲ್ಲಕ್ಕಾ. ಅದ್ರಾಗಿನ ಗಜ್ಜುಗ, ಕವಡಿ ಅಂಗನವಾಡಿ ಹುಡುಗ್ರಿಗೆ ಎಣಿಸಾಕ ಕೊಟ್ಟೆ. ಈ ಚೂರು ನೋಡ್ರಿ, ಓಣಿ ಮಂದಿ ಬಂದು ಫೋಟೋ ಹೊಡ್ಕೊಂಡು ಹೋಗಾಕತ್ತಾರ!”

“ಗಜ್ಜುಗ ಹಾಳಾಗಿ ಹೋಗ್ಲಿ. ನೀ ತುಳಿಯಾಕತ್ತಿದ್ದು ನಮ್ಮವ್ವನ ಹಸಿರು ಬಳಿ. ಅಪ್ಪ ಸತ್ತಾಗ ಹೆಂಗಸ್ರು ಆಕಿ ಕೈ ಹಿಡದು ಕಲ್ಲಿಗಿ ಕುಟ್ಟಿ ಒಡದ್ರು. ನಾ ಲಂಗದಾಗ ಆರಿಸ್ಕೊಂಡೆ.”

ಉಮಾದೇವಿ ಕೆಂಡ ತುಳಿದವಳಂತೆ ಹೊಸ್ತಿಲೊಳಗೆ ಹಾರಿ ತಾಳಿ ಹಿಡಿದುಕೊಂಡಳು.

“ಗಂಡ ಸತ್ತಾಕಿ ಬಳಿ ನನ್ನ ಮನ್ಯಾಗ ಇಟ್ಟಿದ್ದೇನು? ರೀ, ಸುತ್ತಿಗಿ ತರ್ರಿ! ಈಗಿಂದೀಗ ಒಡೀರಿ!”

ತಮ್ಮ ಕಿರಣಕುಮಾರ ಸುತ್ತಿಗೆ ಹಿಡಿದು ಅಂಗಳಕ್ಕೆ ಬಂದ. ಅವನನ್ನೂ ಹೆತ್ತ ಅವ್ವ. ಅವಳು ಹೋದ ಮೇಲೆ ಅವಳದೆಂದು ಉಳಿದದ್ದು ಇಷ್ಟೇ. ಆದರೂ ಅವನು ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ನಾನು ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತೆ.

“ಒಂದ್ ಸಲ ಒಡದಿದ್ದು ಸಾಕು ಲೇ. ಇನ್ನೊಮ್ಮಿ ಒಡಿಯೋದಿದ್ರ ಮೊದ್ಲ ನನ್ನ ಮೊಣಕಾಲು ಒಡಿ.”

ಅವನು ಸುತ್ತಿಗೆ ಎತ್ತಲಿಲ್ಲ. ಉಮಾದೇವಿ ನಮ್ಮಿಬ್ಬರನ್ನೂ ಬೈಯುತ್ತಾ ಒಳಗಿನಿಂದ ಚಿಲಕ ಜಡಿದಳು. ತಮ್ಮ ಹೊರಗೇ ಉಳಿದ. ನಾನು ಅವನಿಗೆ ಕೂರಲು ಜಾಗ ಬಿಡಲಿಲ್ಲ.