ಪಕ್ಕದ ಹಿಡಿಕೆ

ಅಡುಗೆಮನೆಯಿಂದ ಲೋಟ ಉಜ್ಜಿದಂಥ ಸದ್ದು ಬಂತು. ಸ್ವಲ್ಪ ಬಿಟ್ಟು ಮತ್ತೆ ಅದೇ. ನಡುರಾತ್ರಿ. ನೌಕಾಪಡೆಯ ವಿಮಾನ ಹಾರಿಸುವ ಗಂಡ ಹಡಗಿನಲ್ಲಿದ್ದಷ್ಟು ದಿನವೂ ಅವಳದು ಕೋಳಿನಿದ್ದೆ. ಆ ಸಂಜೆ ಅವನು ಮನೆಗೆ ಬಂದಮೇಲೂ ಅಭ್ಯಾಸ ಬಿಟ್ಟಿರಲಿಲ್ಲ. ಎದ್ದು ಹೋಗಿ ನೋಡಿದಳು. ಅವನು ಎರಡು ಸ್ಟೀಲ್ ಲೋಟಗಳನ್ನು ಮೇಜಿನ ಮೇಲೆ ಒತ್ತಾಗಿ ಇಟ್ಟುಕೊಂಡು, ಎಡಗಡೆಯದನ್ನು ಮಾತ್ರ ತನ್ನತ್ತ ಎಳೆಯುತ್ತಿದ್ದ, ಮತ್ತೆ ಮುಂದಕ್ಕೆ ತಳ್ಳುತ್ತಿದ್ದ.

"ಏನ್ರೀ ಇದು, ಮಕ್ಕಳಾಟ?"

"ಎಡ ಯಾವುದು ಅಂತ ಕಲೀತಾ ಇದ್ದೀನಿ."

ಇಬ್ಬರಿಗೂ ನಗು ಬರಲಿಲ್ಲ.

ಬಂದವನೇ ಅಮ್ಮನಿಗೆ ಅರ್ಧ ಹೇಳಿದ್ದ: ಸಮುದ್ರದ ಮೇಲೆ ವಿಮಾನದ ಒಂದು ಎಂಜಿನ್ ಕೈಕೊಟ್ಟಿತು, ಇನ್ನೊಂದರ ಬಲದಲ್ಲಿ ಹಡಗಿಗೆ ಇಳಿದೆ. ಅತ್ತೆಗೆ ಅಷ್ಟೇ ಸಾಕಾಗಿತ್ತು. ಮಾವ ಹಾರಿಸುತ್ತಿದ್ದುದು ಒಂದೇ ಎಂಜಿನ್ನಿನ ವಿಮಾನ. ಒಮ್ಮೆ ಹಡಗಿನಿಂದ ಎದ್ದದ್ದು ಮರಳಲಿಲ್ಲ. ಮಗನೂ ಅದೇ ಹಾದಿ ಹಿಡಿದಾಗ ಅತ್ತೆ ಪಟ್ಟು ಹಿಡಿದು, ಎರಡು ಎಂಜಿನ್ನಿನದನ್ನು ಮಾತ್ರ ಹಾರಿಸುತ್ತೇನೆಂದು ಮಾತು ತೆಗೆದುಕೊಂಡಿದ್ದರು. ಆ ಧೈರ್ಯದ ಮೇಲೆಯೇ ಅವರಿಗೆ ರಾತ್ರಿ ಕಣ್ಣು ಹತ್ತುತ್ತಿತ್ತು.

ಉಳಿದರ್ಧ ಈಗ ಹೆಂಡತಿಯ ಪಾಲಿಗೆ ಬಂತು.

"ಎಡಗಡೆ ಎಂಜಿನ್ನಿಗೆ ಬೆಂಕಿ ಅಂತ ಕೆಂಪು ದೀಪ ಹತ್ತಿತು. ಎಂಜಿನ್ನಿನ ಬಲ ತಗ್ಗಿಸೋಕೆ ಒಂದೊಂದಕ್ಕೂ ಒಂದೊಂದು ಹಿಡಿಕೆ, ಪಕ್ಕಪಕ್ಕದಲ್ಲೇ. ನನ್ನ ಕೈ ಬಲಗಡೆದನ್ನ ಎಳೀತು ಕಣೇ. ಚೆನ್ನಾಗಿದ್ದದ್ದರ ಉಸಿರನ್ನೇ ಕಟ್ಟಿಬಿಟ್ಟೆ. ವಿಮಾನ ಇಳೀತಾ ಹೋಯ್ತು. ದೀಪ ಯಾಕೆ ಇನ್ನೂ ಉರೀತಿದೆ ಅಂತ ಹೊಳೆಯೋ ಹೊತ್ತಿಗೆ ಕಣ್ಣೆದುರು ಬರೀ ನೀರು. ಪೂರ್ತಿ ಆರಿಸಿರಲಿಲ್ಲ, ಸದ್ಯ. ಮತ್ತೆ ಮುಂದಕ್ಕೆ ತಳ್ಳಿ, ಎಡಗಡೆದನ್ನ ಎಳೆದು ಆರಿಸಿದೆ."

"ಹಡಗಿನಲ್ಲಿ ಹೇಳಿದ್ರಾ?"

"ಇಳಿದ ತಕ್ಷಣ. ಸ್ವಲ್ಪ ದಿನ ಹಾರಬೇಡ, ನೆಲದ ಮೇಲೆ ಅಭ್ಯಾಸ ಮಾಡು ಅಂದ್ರು." ಲೋಟಗಳನ್ನು ಪಕ್ಕಕ್ಕೆ ಸರಿಸಿದ. "ಅಪ್ಪನಿಗೆ ಈ ತಪ್ಪು ಮಾಡೋಕೇ ಆಗ್ತಿರಲಿಲ್ಲ. ಅವರ ಕೈಗಿದ್ದದ್ದು ಒಂದೇ ಹಿಡಿಕೆ."

ಅಷ್ಟರಲ್ಲಿ ಅತ್ತೆ ಕಣ್ಣುಜ್ಜುತ್ತ ಬಂದರು.

"ಏನ್ ಗುಸುಗುಸು? ನಾಳೆಗೂ ಸ್ವಲ್ಪ ಮಾತು ಉಳಿಸ್ಕೊಳ್ಳಿ." ಮಗನ ತಲೆ ಸವರಿದರು. "ಹಟಮಾರಿ ಅಂತ ನನ್ನನ್ನ ಆಡ್ಕೋತಿದ್ದೆಯಲ್ಲ, ಈಗ ಹೇಳು ನೋಡೋಣ. ಆ ಎರಡನೇದು ಇಲ್ದಿದ್ರೆ ಏನ್ ಗತಿ?"

"ಅಮ್ಮಾ, ಅದು..."

"ನಿಮ್ಮ ಹಟವೇ ಕಾಪಾಡಿತು ಅತ್ತೆ," ಎಂದು ಅವಳು ನಡುವೆ ಬಾಯಿ ಹಾಕಿದಳು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಅತ್ತೆ ಬೀಗುತ್ತಲೇ ಹೋಗಿ ಮಲಗಿದರು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಯಾಕೆ ತಡೆದೆ ಎಂಬಂತೆ ಗಂಡ ನೋಡಿದ. ವಾದಿಸುವ ತ್ರಾಣ ಅವಳಿಗಿರಲಿಲ್ಲ. ಅವನು ಮತ್ತೆ ಹಡಗಿಗೆ ಹೋದಮೇಲೆ ಈ ಮನೆಯಲ್ಲಿ ನಿದ್ದೆಗೆಟ್ಟು ಕೂರಲು ಒಬ್ಬಳು ಸಾಕು. ಅತ್ತೆಗಾಗಲಿ, ತನ್ನ ತಾಯಿಗಾಗಲಿ, ಯಾರಿಗೂ ಇದನ್ನು ಹೇಳುವುದಿಲ್ಲ ಎಂದು ಅವಳು ನಿರ್ಧರಿಸಿದಳು.